ಸತ್ಯಘೋಷನ ಕಿರುಗತ್ತಿ

ಅಚೌರ್ಯವೆಂದರೆ ಪರರ ವಸ್ತುವನ್ನು ಕದಿಯದಿರುವುದು ಎಂದಷ್ಟೇ ತಿಳಿದವರಿಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚ್ಚರಿ ತರುತ್ತದೆ. ಶ್ರಾವಕನ ಅಚೌರ್ಯಾಣುವ್ರತಕ್ಕೆ ತಗಲಬಹುದಾದ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ಅಲ್ಲಿ ಹೆಸರಿಸುತ್ತಾರೆ. ಗೋಡೆಗೆ ಕನ್ನ ಹಾಕುವ ಮಾತು ಅವುಗಳಲ್ಲಿ ಇಲ್ಲ. ಕಳ್ಳನಿಗೆ ಪ್ರೇರಣೆ ಕೊಡುವುದು, ಅವನು ತಂದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಅಸಲಿಯ ಹೆಸರಿನಲ್ಲಿ ನಕಲಿಯನ್ನು ಸಾಗಿಸುವುದು ಇವೇ ಆ ಐದು. ಇವೆಲ್ಲವೂ ನಡೆಯುವುದು ನಡುರಾತ್ರಿಯಲ್ಲಲ್ಲ. ಹಗಲು ಹೊತ್ತಿನಲ್ಲಿ, ದೀಪ ಹಚ್ಚಿ ಕೈಮುಗಿದು ಬಾಗಿಲು ತೆರೆದ ಅಂಗಡಿಯಲ್ಲಿ.

ಈ ಸೂತ್ರಗಳಿಗೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು ಕನ್ನಡ ನಾಡಿನವರೆಂದು ಪರಂಪರೆ ಹೇಳುತ್ತದೆ. ನಾಲ್ಕನೆಯ ಅತಿಚಾರವನ್ನು ಅವರು ಬಿಡಿಸುವ ಬಗೆ ಗಮನಾರ್ಹ. ಕೊಡುವಾಗ ಚಿಕ್ಕ ಮಾನ, ಕೊಳ್ಳುವಾಗ ದೊಡ್ಡ ಮಾನ ಎಂಬ ಎರಡು ಬಗೆಯ ಅಳತೆಗಳನ್ನು ಒಂದೇ ಅಂಗಡಿಯಲ್ಲಿ ಇಟ್ಟುಕೊಳ್ಳುವ ವರ್ತಕನನ್ನು ಅವರು ಕಣ್ಣೆದುರು ನಿಲ್ಲಿಸುತ್ತಾರೆ. ಕೈಯಲ್ಲಿ ಕಾಸನ್ನೂ ಹಿಡಿಯದ ದಿಗಂಬರ ಮುನಿಗಳಿಗೆ ಸಂತೆಯ ತಕ್ಕಡಿಯ ಗುಟ್ಟು ಇಷ್ಟು ಚೆನ್ನಾಗಿ ತಿಳಿದಿತ್ತೆಂಬುದು ಸ್ವಾರಸ್ಯಕರವಾದ ಸಂಗತಿ. ಶ್ರಾವಕರಲ್ಲಿ ವರ್ತಕರೇ ಬಹುಮಂದಿ ಇದ್ದ ಸಮಾಜಕ್ಕೆ ಉಪದೇಶ ಮಾಡುವವರು ವರ್ತಕನ ಮನಸ್ಸು ಎಲ್ಲಿ ಜಾರುತ್ತದೆ ಎಂಬುದನ್ನು ಅರಿಯದೆ ಇರಲಾರರು.

ಇಂದು ತಕ್ಕಡಿಯ ಜಾಗದಲ್ಲಿ ವಿದ್ಯುನ್ಮಾನ ತೂಕದ ಯಂತ್ರ ಬಂದಿದೆ. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಾದ ದಿನ ಎಲ್ಲವನ್ನೂ ಅಚ್ಚು ಹಾಕಬೇಕೆಂಬ ಕಾನೂನಿದೆ. ಆದುದರಿಂದ ವಂಚನೆ ತಕ್ಕಡಿಯಿಂದ ಇಳಿದು ಮಾತಿನ ಮೇಲೆ ಹತ್ತಿ ಕುಳಿತಿದೆ. ಬೇರೆ ಮಾತಿನಲ್ಲಿ ಹೇಳುವುದಾದರೆ, ಅಚೌರ್ಯದ ಪ್ರಶ್ನೆ ಸತ್ಯದ ಪ್ರಶ್ನೆಯೊಡನೆ ಬೆರೆತುಹೋಗಿದೆ. ವಸ್ತುವನ್ನು ಕೊಳ್ಳುವವನು ಅದನ್ನು ನೋಡುವ ಮೊದಲೇ ಅದರ ಜಾಹೀರಾತನ್ನು ನೋಡಿರುತ್ತಾನೆ. ಅವನು ಬೆಲೆ ಕೊಡುವುದು ಬಹುಮಟ್ಟಿಗೆ ಆ ಮಾತಿಗೆ.

ಮಾತನ್ನೇ ಬಂಡವಾಳ ಮಾಡಿಕೊಂಡವನ ಕಥೆಯೊಂದು ಜೈನ ಪರಂಪರೆಯಲ್ಲಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅಸತ್ಯದಿಂದ ಕೆಟ್ಟವನ ದೃಷ್ಟಾಂತವಾಗಿ ಸತ್ಯಘೋಷನ ಹೆಸರು ಬರುತ್ತದೆ. ಅವನ ಕಥೆಯನ್ನು ಟೀಕಾಕಾರ ಪ್ರಭಾಚಂದ್ರರು ಹೇಳಿದ್ದಾರೆ. ಸಿಂಹಪುರದ ಅರಸ ಸಿಂಹಸೇನನ ಪುರೋಹಿತನ ನಿಜವಾದ ಹೆಸರು ಶ್ರೀಭೂತಿ. ಅವನು ತನ್ನ ಜನಿವಾರಕ್ಕೆ ಒಂದು ಕಿರುಗತ್ತಿಯನ್ನು ಕಟ್ಟಿಕೊಂಡು ತಿರುಗುತ್ತಿದ್ದ. ‘ಬಾಯಿತಪ್ಪಿ ಸುಳ್ಳು ಹೊರಟರೆ ಈ ಕತ್ತಿಯಿಂದ ನಾಲಗೆಯನ್ನೇ ಕತ್ತರಿಸಿಕೊಳ್ಳುವೆ’ ಎಂಬುದು ಅವನ ಸಾರುವಿಕೆ. ಜನ ನಂಬಿದರು, ಸತ್ಯಘೋಷನೆಂದು ಕರೆದರು, ತಮ್ಮ ಹೊನ್ನನ್ನೂ ಒಡವೆಯನ್ನೂ ಅವನಲ್ಲಿ ಇರಿಸತೊಡಗಿದರು. ಅವನಾದರೋ ಇಟ್ಟವರಿಗೆ ಒಂದಿಷ್ಟು ಕೊಟ್ಟು ಉಳಿದುದನ್ನು ನುಂಗುತ್ತಿದ್ದ. ದೂರು ಹೇಳಿದರೆ ಕೇಳುವವರಿರಲಿಲ್ಲ, ಏಕೆಂದರೆ ಕತ್ತಿ ಎಲ್ಲರಿಗೂ ಕಾಣುತ್ತಿತ್ತು.

ಸಮುದ್ರದತ್ತನೆಂಬ ವರ್ತಕ ಐದು ಮಾಣಿಕ್ಯಗಳನ್ನು ಅವನಲ್ಲಿರಿಸಿ ಹಡಗೇರಿದ. ಗಳಿಸಿದ ಧನವೆಲ್ಲ ಹಿಂದಿರುಗುವಾಗ ಕಡಲಪಾಲಾಯಿತು. ಬರಿಗೈಯಲ್ಲಿ ಬಂದು ಮಾಣಿಕ್ಯಗಳನ್ನು ಕೇಳಿದಾಗ ಸತ್ಯಘೋಷ ಸುತ್ತಲಿನವರಿಗೆ, ‘ಹಡಗು ಮುಳುಗಿ ಇವನಿಗೆ ಹುಚ್ಚು ಹಿಡಿದಿದೆ’ ಎಂದ. ಊರು ಅದನ್ನೇ ನಂಬಿತು. ಆರು ತಿಂಗಳ ಕಾಲ ಆ ವರ್ತಕ ಅರಮನೆಯ ಬಳಿಯ ಹುಣಸೆಯ ಮರವೇರಿ ರಾತ್ರಿಯೆಲ್ಲ ತನ್ನ ಐದು ಮಾಣಿಕ್ಯಗಳಿಗಾಗಿ ಕೂಗಿದ. ಹುಚ್ಚನ ಕೂಗೆಂದು ಊರು ಮಲಗಿತ್ತು. ಪ್ರತಿ ರಾತ್ರಿಯೂ ಒಂದೇ ಮಾತನ್ನು ಒಂದೇ ಬಗೆಯಲ್ಲಿ ಹೇಳುವವನು ಹುಚ್ಚನಾಗಿರಲಾರ ಎಂದು ಯೋಚಿಸಿದವಳು ರಾಣಿ ರಾಮದತ್ತೆಯೊಬ್ಬಳೇ. ಅವಳು ಪುರೋಹಿತನನ್ನು ಪಗಡೆಗೆ ಕೂರಿಸಿ, ಅವನ ಗುರುತಿನ ವಸ್ತುಗಳನ್ನು ಗೆದ್ದು, ಅವನ್ನು ದಾಸಿಯ ಕೈಯಲ್ಲಿ ಅವನ ಹೆಂಡತಿಗೆ ಕಳುಹಿಸಿ ಮಾಣಿಕ್ಯಗಳನ್ನು ತರಿಸಿದಳು. ಅರಸ ಅವನ್ನು ಬೇರೆ ರತ್ನಗಳ ರಾಶಿಯಲ್ಲಿ ಬೆರೆಸಿ ವರ್ತಕನ ಮುಂದಿಟ್ಟ. ಸಮುದ್ರದತ್ತ ತನ್ನ ಐದನ್ನು ಮಾತ್ರ ಆರಿಸಿಕೊಂಡ. ಸತ್ಯಘೋಷನ ಹೆಸರು ನೆನಪಿರುವಷ್ಟು ಈ ವರ್ತಕನ ಹೆಸರು ಜನರ ನೆನಪಿನಲ್ಲಿ ಉಳಿಯಲಿಲ್ಲ. ಎಲ್ಲವನ್ನೂ ಕಳೆದುಕೊಂಡಿದ್ದವನು, ಮುಂದೆ ರಾಶಿ ರತ್ನವಿದ್ದಾಗ, ಐದನ್ನೇ ಎತ್ತಿಕೊಂಡ ಎಂಬುದು ಕಥೆಯಲ್ಲಿ ಒಂದು ವಾಕ್ಯ ಮಾತ್ರ.

ಕಥೆಯಲ್ಲಿ ಸುಳ್ಳಿಗಿಂತ ಭಯಂಕರವಾದುದು ಆ ಕತ್ತಿ. ಸತ್ಯವಂತನಿಗೆ ಅದರ ಅಗತ್ಯವಿರಲಿಲ್ಲ. ಸುಳ್ಳನಿಗೆ ಅದು ಬೇಕಿತ್ತು. ಇಂದಿನ ಮಾತಿನಲ್ಲಿ ಅದನ್ನು ಬ್ರ್ಯಾಂಡ್ ಎನ್ನುತ್ತಾರೆ.

ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯ ಪ್ರಕರಣವನ್ನು ಈ ಕಥೆಯ ಪಕ್ಕದಲ್ಲಿಟ್ಟು ನೋಡಬಹುದು. ಅಮೆರಿಕದಲ್ಲಿ ಆ ಸಂಸ್ಥೆ ತನ್ನ ಡೀಸೆಲ್ ಕಾರುಗಳನ್ನು ‘ಶುದ್ಧ ಡೀಸೆಲ್’ ಎಂಬ ಹೆಸರಿನಲ್ಲಿ ವರ್ಷಗಳ ಕಾಲ ಮಾರಿತು. ಒಂದು ಜಾಹೀರಾತಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ತನ್ನ ಬಿಳಿಯ ಸ್ಕಾರ್ಫನ್ನು ಹೊಗೆಕೊಳವೆಗೆ ಹಿಡಿದು, ಅದು ಬಿಳಿಯದಾಗಿಯೇ ಉಳಿದಿರುವುದನ್ನು ತೋರಿಸುತ್ತಾಳೆ. ಕೊಳವೆಯಿಂದ ಮಿತಿಮೀರಿ ಹೊರಬೀಳುತ್ತಿದ್ದುದು ನೈಟ್ರೋಜನ್ ಆಕ್ಸೈಡ್. ಅದು ಮಸಿಯಂತೆ ಬಟ್ಟೆಗೆ ಹತ್ತುವುದಿಲ್ಲ, ಉಸಿರಾಟದ ಅಂಗಗಳಿಗೆ ಹಾನಿ ಮಾಡುತ್ತದೆ. ಬಟ್ಟೆ ಬೆಳ್ಳಗೆ ಉಳಿದೀತು. ಆದರೆ ಅದು ಹೇಳಿದ್ದು ಸುಳ್ಳು. ಕಾರಿನ ಗಣಕಯಂತ್ರದಲ್ಲಿ ಅಳವಡಿಸಿದ್ದ ತಂತ್ರಾಂಶ, ವಾಹನ ಪರೀಕ್ಷಾಗಾರದಲ್ಲಿದೆಯೇ ರಸ್ತೆಯಲ್ಲಿದೆಯೇ ಎಂಬುದನ್ನು ಗುರುತಿಸುತ್ತಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ಪೂರ್ತಿ ಶುದ್ಧೀಕರಿಸುತ್ತಿತ್ತು. ಕೊಡುವಾಗ ಒಂದು ಮಾನ, ಕೊಳ್ಳುವಾಗ ಇನ್ನೊಂದು ಮಾನ ಎಂದು ಪೂಜ್ಯಪಾದರು ವರ್ಣಿಸಿದ ಅಂಗಡಿಯೇ ಇದು.

ರಾಮದತ್ತೆಯ ಕೆಲಸವನ್ನು ಮಾಡಿದವರು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು. ಅವರು ಅಳೆಯುವ ಉಪಕರಣಗಳನ್ನು ಕಾರಿನಲ್ಲಿಯೇ ಹೇರಿಕೊಂಡು ರಸ್ತೆಯ ಮೇಲೆ ಓಡಿಸಿ ನೋಡಿದರು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೋಸವನ್ನು ಬಹಿರಂಗಪಡಿಸಿತು. ಕೆಲವು ಕಾರುಗಳು ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೆ ಮಲಿನಾನಿಲವನ್ನು ಬಿಡುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಆ ತಂತ್ರಾಂಶ ಇತ್ತೆಂದು ಸಂಸ್ಥೆಯೇ ಒಪ್ಪಿಕೊಂಡಿತು, ಭಾರತದಲ್ಲಿಯೂ 3.2 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಸರಿಪಡಿಸಲೆಂದು ಹಿಂದಕ್ಕೆ ಕರೆಯಬೇಕಾಯಿತು. ಇದರಲ್ಲಿ ಮನಸ್ಸನ್ನು ಕಲಕುವ ಸಂಗತಿ ಮತ್ತೊಂದಿದೆ. ಅದೇ ಸೆಪ್ಟೆಂಬರ್ ತಿಂಗಳಲ್ಲಿ, ಪರಿಸರ ಮತ್ತು ಸಾಮಾಜಿಕ ಹೊಣೆಗಾರಿಕೆಯನ್ನು ಅಳೆಯುವ ಡೌ ಜೋನ್ಸ್ ಸುಸ್ಥಿರತಾ ಸೂಚ್ಯಂಕ ಫೋಕ್ಸ್‌ವ್ಯಾಗನ್ ಸಂಸ್ಥೆಯನ್ನು ವಾಹನ ತಯಾರಕರಲ್ಲೆಲ್ಲ ಮೊದಲ ಸ್ಥಾನದಲ್ಲಿ ಇರಿಸಿತ್ತು. ಕೆಲವೇ ವಾರಗಳಲ್ಲಿ ಪಟ್ಟಿಯಿಂದ ಕೈಬಿಟ್ಟಿತು. ಕತ್ತಿಯನ್ನು ನೋಡಿ ನಂಬುವವರು ಸಿಂಹಪುರದಲ್ಲಿ ಮಾತ್ರ ಇರಲಿಲ್ಲ.

ಸತ್ಯಾಣುವ್ರತದ ಐದು ಅತಿಚಾರಗಳನ್ನು ಓದುವಾಗ, ಅವು ಮೊನ್ನೆ ಮೊನ್ನೆ ಬರೆದವುಗಳೇನೋ ಎನಿಸುತ್ತದೆ. ಕೂಟಲೇಖಕ್ರಿಯೆ ಎಂದರೆ ಒಬ್ಬನು ಹೇಳದ, ಮಾಡದ ಸಂಗತಿಯನ್ನು ಅವನೇ ಹೇಳಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆಯುವುದು. ಅಂತರಜಾಲದ ಮಾರುಕಟ್ಟೆಯಲ್ಲಿ ವಸ್ತುವನ್ನು ಕಾಣದವರು ಹಣ ಪಡೆದು ಐದು ನಕ್ಷತ್ರದ ಮೆಚ್ಚುಗೆ ಬರೆಯುತ್ತಾರಷ್ಟೆ, ಅದಕ್ಕೆ ಇದಕ್ಕಿಂತ ಖಚಿತವಾದ ವ್ಯಾಖ್ಯೆ ದೊರೆಯದು. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಇಂಥ ಅಭಿಪ್ರಾಯಗಳ ಪ್ರಾಮಾಣಿಕತೆಗಾಗಿ ಒಂದು ಮಾನಕವನ್ನು ರೂಪಿಸಬೇಕಾಗಿ ಬಂತು. ನ್ಯಾಸಾಪಹಾರವಂತೂ ಇನ್ನೂ ಸೂಕ್ಷ್ಮ. ಒತ್ತೆ ಇಟ್ಟವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿಕೊಂಡು ಅಷ್ಟನ್ನೇ ಕೊಡುವುದು ಅದರ ಸ್ವರೂಪ. ಇಲ್ಲಿ ಸುಳ್ಳು ಹೇಳುವುದಿಲ್ಲವೆಂದೇ ಹೇಳಬೇಕು, ಮರೆವಿಗೆ ತಲೆಯಾಡಿಸುವುದಷ್ಟೆ. ತಿಂಗಳ ಚಂದಾ ಕಟ್ಟಲು ಒಂದೇ ಗುಂಡಿಯನ್ನು ಒತ್ತಿಸಿ, ಬಿಡಿಸಿಕೊಳ್ಳಲು ಹತ್ತು ಬಾಗಿಲು ತಟ್ಟಿಸುವ ವ್ಯವಸ್ಥೆಯ ಲಾಭವೆಲ್ಲ ಇಂಥ ಮರೆವಿನಿಂದ ಹುಟ್ಟುತ್ತದೆ. ಭಾರತ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೂ ಸೇರಿಸಿ 13 ಬಗೆಯ ಮರೆಮೋಸಗಳನ್ನು ನಿಷೇಧಿಸಿದೆ. ಇನ್ನು ಎರಡೇ ಉಳಿದಿವೆ, ಈಗಲೇ ಕೊಳ್ಳಿರಿ ಎಂಬ ಹುಸಿ ಅವಸರವೂ ಆ ಪಟ್ಟಿಯಲ್ಲಿದೆ.

ಆದರೆ ಸತ್ಯವ್ರತದ ಅತಿಚಾರಗಳಲ್ಲಿ ಉಮಾಸ್ವಾಮಿಗಳು ಮೊದಲು ಇಟ್ಟಿರುವುದು ಮಿಥ್ಯೋಪದೇಶವನ್ನು. ಹಿತವನ್ನು ಬಯಸಿ ಬಂದವನನ್ನು ಅಹಿತದ ಕಡೆಗೆ ತಿರುಗಿಸುವುದು ಅದರ ಅರ್ಥ. ಇದಕ್ಕೆ ಆಧುನಿಕ ವಾಣಿಜ್ಯದ ಇತಿಹಾಸದಲ್ಲಿ ಅತ್ಯಂತ ನೋವಿನ ಉದಾಹರಣೆ ಹಸುಗೂಸುಗಳ ಹಾಲಿನ ಪುಡಿಯದು. ಪುಡಿ ನಕಲಿಯಾಗಿರಲಿಲ್ಲ, ಡಬ್ಬಿಯ ತೂಕ ಕಡಿಮೆಯಿರಲಿಲ್ಲ. ಬಡ ದೇಶಗಳ ಆಸ್ಪತ್ರೆಗಳಲ್ಲಿ ಕಂಪನಿಗಳ ಮಾರಾಟಗಾರ್ತಿಯರು ದಾದಿಯರ ಉಡುಪು ಧರಿಸಿ ಬಾಣಂತಿಯರ ಬಳಿಗೆ ಹೋಗುತ್ತಿದ್ದರು, ಉಚಿತ ಮಾದರಿ ಡಬ್ಬಿಗಳನ್ನು ಕೊಡುತ್ತಿದ್ದರು. ಡಬ್ಬಿ ಮುಗಿಯುವಷ್ಟರಲ್ಲಿ ತಾಯಿಯ ಎದೆಹಾಲು ಬತ್ತಿರುತ್ತಿತ್ತು. ಆಮೇಲೆ ಕೊಳ್ಳದೆ ಗತಿಯಿಲ್ಲ, ಕೊಳ್ಳಲು ಹಣವಿಲ್ಲ. ತಾಯಂದಿರು ಶುದ್ಧವಲ್ಲದ ನೀರಿನಲ್ಲಿ ಪುಡಿಯನ್ನು ತೆಳುವಾಗಿ ಕಲಸಿ ಕುಡಿಸಿದರು. ವಾಂತಿಭೇದಿಯಿಂದಲೂ ಪೋಷಣೆಯ ಕೊರತೆಯಿಂದಲೂ ಮಕ್ಕಳು ಸತ್ತವು. 1939ರಷ್ಟು ಹಿಂದೆಯೇ ವೈದ್ಯೆ ಸಿಸಿಲಿ ವಿಲಿಯಮ್ಸ್ ಸಿಂಗಪುರದಲ್ಲಿ ಮಾಡಿದ ಭಾಷಣದಲ್ಲಿ ಇದನ್ನು ಕೊಲೆಯೆಂದೇ ಕರೆದಿದ್ದರು. ಕೇಳುವವರು ಕಡಿಮೆಯಿದ್ದರು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಸಂಸ್ಥೆಯ ವಸ್ತುಗಳ ಬಹಿಷ್ಕಾರ ಆರಂಭವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಪುಡಿಗಳ ಮಾರಾಟಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. 118 ದೇಶಗಳು ಪರವಾಗಿ ಮತ ನೀಡಿದವು, ವಿರುದ್ಧ ಮತ ನೀಡಿದ ದೇಶ ಅಮೆರಿಕವೊಂದೇ. ಭಾರತ 1992ರಲ್ಲಿ ಕಾನೂನನ್ನೇ ಮಾಡಿತು. ಅದರ ಪ್ರಕಾರ ಹಸುಗೂಸಿನ ಹಾಲಿನ ಪುಡಿಗೆ ಈ ದೇಶದಲ್ಲಿ ಜಾಹೀರಾತು ಕೊಡುವಂತಿಲ್ಲ, ಉಚಿತ ಮಾದರಿ ಹಂಚುವಂತಿಲ್ಲ, ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ತಾಯಿಯ ಹಾಲೇ ಶ್ರೇಷ್ಠವೆಂದು ಡಬ್ಬಿಯೇ ಹೇಳಬೇಕು.

ಇಲ್ಲಿ ಮಿಥ್ಯೋಪದೇಶ ನೇರವಾಗಿ ಹಿಂಸೆಯಾಗಿ ಮಾರ್ಪಟ್ಟಿತು. ಕೈಯಲ್ಲಿ ಆಯುಧ ಹಿಡಿದವರು ಯಾರೂ ಇರಲಿಲ್ಲ. ಕಂಪನಿಯ ಯಜಮಾನ, ಘೋಷವಾಕ್ಯ ಬರೆದವನು, ದಾದಿಯ ವೇಷ ತೊಟ್ಟವಳು, ಗೋಡೆಯ ಮೇಲೆ ಚಿತ್ರ ಅಂಟಿಸಲು ಒಪ್ಪಿದ ಆಸ್ಪತ್ರೆ, ಇವರಲ್ಲಿ ಹಿಂಸಕ ಯಾರು? ಜೈನಾಚಾರ್ಯರಿಗೆ ಈ ಪ್ರಶ್ನೆ ಕಷ್ಟದ್ದಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ ಪಾಪ ಬರುತ್ತದೆ: ತಾನೇ ಮಾಡಿದಾಗ, ಮಾಡಿಸಿದಾಗ, ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟಾಗ. ಜಾಹೀರಾತಿನಲ್ಲಿ ನಗುಮುಖ ತೋರಿಸುವ ನಟನೋ ಆಟಗಾರನೋ, ‘ನಾನು ಬರೆದುಕೊಟ್ಟದ್ದನ್ನು ಓದಿದೆ’ ಎಂದು ಹೇಳಿ ಪಾರಾಗುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಈ ಮಾತನ್ನು ತನ್ನದೇ ಭಾಷೆಯಲ್ಲಿ ಒಪ್ಪಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕನಂತೆ ಪ್ರಚಾರಕನಿಗೂ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಒಂದು ವರ್ಷ ಯಾವ ವಸ್ತುವಿಗೂ ಪ್ರಚಾರ ಮಾಡದಂತೆ ತಡೆಯಲೂಬಹುದು. ತಾನು ಹೇಳುವ ಮಾತು ನಿಜವೇ ಎಂದು ತಕ್ಕಷ್ಟು ವಿಚಾರಿಸಿ ನೋಡಿದ್ದರೆ ಮಾತ್ರ ದಂಡವಿಲ್ಲ. ಅನುಮೋದನೆಗೆ ಮುನ್ನ ವಿವೇಕ ಬೇಕೆಂದು ಗುರುಗಳು ಹೇಳಿದಾಗ ಅದು ಪ್ರವಚನ ಎನಿಸಿತ್ತು, ಈಗ ಕಾಯಿದೆಯ ಕಲಮಾಗಿದೆ.

ಸಮಾಜಕ್ಕೆ ಹಿಂದಿರುಗಿಸುವುದೆಂಬ ಮಾತು ಬರುವುದು ಇದಾದ ಬಳಿಕ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, 500 ಕೋಟಿ ರೂಪಾಯಿಯ ನಿವ್ವಳ ಸಂಪತ್ತು, 1000 ಕೋಟಿಯ ವಹಿವಾಟು, 5 ಕೋಟಿಯ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಗಳಿಗೆ ವೆಚ್ಚ ಮಾಡಬೇಕು. ಸಿಎಸ್‌ಆರ್ ಎಂದು ಕರೆಯಲಾಗುವ ಈ ಹಣದಿಂದ ಎಷ್ಟೋ ಹಳ್ಳಿಗಳ ಶಾಲೆಗಳಿಗೆ ಕೊಠಡಿ ಬಂದಿದೆ, ಶೌಚಾಲಯ ಬಂದಿದೆ, ಕುಡಿಯುವ ನೀರು ಬಂದಿದೆ. ಅದನ್ನು ಕಡೆಗಣಿಸುವುದು ತಪ್ಪಾದೀತು. ಆದರೆ ಶ್ರಾವಕಧರ್ಮ ಲೆಕ್ಕವನ್ನು ಆ ಶೇಕಡ ಎರಡರಿಂದ ಆರಂಭಿಸುವುದಿಲ್ಲ, ಉಳಿದ ತೊಂಬತ್ತೆಂಟರಿಂದ ಆರಂಭಿಸುತ್ತದೆ. ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ಮೊದಲು ಹೇಳುವುದು ನ್ಯಾಯದಿಂದ ಗಳಿಸಿದ ಧನವುಳ್ಳವನು ಎಂದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಬರುವ ಮೂವತ್ತೈದು ಗುಣಗಳಲ್ಲಿಯೂ ಮೊದಲನೆಯದು ಅದೇ. ದಿಗಂಬರ, ಶ್ವೇತಾಂಬರ ಎಂಬ ಎರಡು ಪರಂಪರೆಗಳ ಇಬ್ಬರು ಮಹಾಪಂಡಿತರು ಇದನ್ನೇ ಮೊದಲಿಗಿಟ್ಟದ್ದು ಆಕಸ್ಮಿಕವಲ್ಲ. ದಾನಕ್ಕೆ ಮೊದಲು ಗಳಿಕೆ. ಗಳಿಕೆ ಕೆಟ್ಟಿದ್ದರೆ ದಾನ ಅದನ್ನು ತೊಳೆಯಲಾರದು.

ದಾನದ ಹಿಂದಿನ ಮನಸ್ಸನ್ನೂ ಆಚಾರ್ಯರು ಬಿಟ್ಟವರಲ್ಲ. ಶಲ್ಯವಿಲ್ಲದವನೇ ವ್ರತಿ ಎನ್ನುತ್ತದೆ ತತ್ತ್ವಾರ್ಥಸೂತ್ರ. ಮಾಯೆ, ಮಿಥ್ಯಾತ್ವ, ನಿದಾನ ಎಂಬುವು ಆ ಮೂರು ಮುಳ್ಳುಗಳು. ನಿದಾನವೆಂದರೆ ಮಾಡಿದ ಒಳಿತಿಗೆ ಭೋಗದ ಪ್ರತಿಫಲವನ್ನು ಬಯಸುವುದು. ಶಾಲೆಯ ಮಕ್ಕಳಿಗೆ ಚೀಲ ಹಂಚಿ, ಚೀಲದ ಮೇಲೆ ಪುಸ್ತಕಕ್ಕಿಂತ ದೊಡ್ಡದಾಗಿ ಕಂಪನಿಯ ಲಾಂಛನವನ್ನು ಅಚ್ಚು ಹಾಕಿಸಿ, ಆ ಚೀಲ ಬೀದಿ ಬೀದಿಯಲ್ಲಿ ತಿರುಗಲೆಂದು ಬಯಸಿದರೆ, ಮಕ್ಕಳ ಬೆನ್ನು ಬಾಡಿಗೆಯಿಲ್ಲದ ಜಾಹೀರಾತು ಫಲಕವಾಗುತ್ತದೆ. ಅದು ದಾನವೋ ವ್ಯಾಪಾರವೋ? ಕುತೂಹಲಕರವೆಂದರೆ, 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳು ಈ ಗೆರೆಯನ್ನು ಎಳೆದಿವೆ. ತನ್ನ ವಸ್ತುವಿಗೋ ಸೇವೆಗೋ ಮಾರುಕಟ್ಟೆಯ ಲಾಭ ಸಿಗಲೆಂದು ಪ್ರಾಯೋಜಿಸಿದ ಕಾರ್ಯಕ್ರಮದ ವೆಚ್ಚವನ್ನು ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಸೇರಿಸುವಂತಿಲ್ಲ. ಕಾನೂನು ಲೆಕ್ಕಪುಸ್ತಕವನ್ನು ನೋಡಿ ಹೇಳಬಲ್ಲದ್ದು ಇಷ್ಟು. ಮುಳ್ಳು ಒಳಗೆ ಉಳಿದಿದೆಯೇ ಎಂಬುದು ಕೊಟ್ಟವನಿಗೆ ಮಾತ್ರ ಗೊತ್ತು.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆ ಓಲೆಗರಿಗಳು ಓದುವವನಿಗೆ ತಲುಪಿಸಿದ್ದು ಪೊನ್ನನ ಕಾವ್ಯವನ್ನು. ದಾನ ಕೊಟ್ಟವರ ಹೆಸರಿನ ಕಲ್ಲುಗಳೇ ಬಸದಿಯ ಗೋಡೆಯನ್ನು ತುಂಬುತ್ತಿರುವ ಈ ದಿನಗಳಲ್ಲಿ, ಕಂಪನಿಗಳನ್ನು ಆಕ್ಷೇಪಿಸುವ ಮುನ್ನ ಶ್ರಾವಕ ಸಮಾಜವೂ ಒಮ್ಮೆ ತನ್ನ ಗೋಡೆಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

ವ್ಯಾಪಾರದಲ್ಲಿರುವವರು ಕೇಳುವ ಪ್ರಶ್ನೆಯೊಂದಿದೆ: ತನ್ನ ಮಾಲನ್ನು ತಾನು ಹೊಗಳದೆ ಮಾರುವುದು ಹೇಗೆ, ಪಕ್ಕದ ಅಂಗಡಿಯವನು ಹತ್ತು ಪಟ್ಟು ಹೇಳುವಾಗ ಇವನೊಬ್ಬ ಮೌನಿಯಾದರೆ ಸಂಸಾರ ಸಾಗುವುದು ಹೇಗೆ? ಪ್ರಶ್ನೆ ನ್ಯಾಯವಾದುದೇ. ಮುನಿಯ ಮಹಾವ್ರತವನ್ನು ವರ್ತಕನ ಮೇಲೆ ಹೇರಿದವರು ಯಾರೂ ಇಲ್ಲ. ಅಣುವ್ರತ ಬಿಡಿಸುವುದು ಸ್ಥೂಲವಾದ ಅಸತ್ಯವನ್ನು. ತನ್ನ ಉಪ್ಪಿನಕಾಯಿ ಊರಿನಲ್ಲೇ ರುಚಿಯೆಂದು ಅಂಗಡಿಯವನು ಹೇಳಿದರೆ ಕೇಳುವವನೂ ನಗುತ್ತಾನೆ, ತಿಂದು ನೋಡಿ ತೀರ್ಮಾನಿಸುತ್ತಾನೆ. ಅಲ್ಲಿ ಮೋಸವಿಲ್ಲ. ಆದರೆ ಕೇಳುವವನಿಗೆ ಪರೀಕ್ಷಿಸುವ ಶಕ್ತಿಯಿಲ್ಲದ ಕಡೆ ಹೊಗಳಿಕೆಯ ಸ್ವರೂಪವೇ ಬೇರೆ. ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆಂದು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸುವ ರೋಗಿ, ಪೇಯ ಕುಡಿದರೆ ಮಗು ಎತ್ತರವಾಗುತ್ತದೆಂದು ದಿನಗೂಲಿಯಲ್ಲಿ ಡಬ್ಬಿ ಕೊಳ್ಳುವ ತಾಯಿ, ಎರಡು ವರ್ಷದಲ್ಲಿ ಹಣ ಇಮ್ಮಡಿಯೆಂಬ ಮಾತಿಗೆ ನಿವೃತ್ತಿಯ ಗಂಟನ್ನು ಒಪ್ಪಿಸುವ ವೃದ್ಧ, ಇವರೆಲ್ಲ ಸಮುದ್ರದತ್ತನ ವಂಶದವರು. ಮೋಸ ಹೋದ ಮೇಲೆ ಊರು ಇವರನ್ನೇ ಹುಚ್ಚರೆನ್ನುತ್ತದೆ.

ಪೊಟ್ಟಣದ ಬೆಲೆಯನ್ನು ಹಾಗೆಯೇ ಉಳಿಸಿ, ಒಳಗಿನ ಬಿಸ್ಕತ್ತನ್ನು ಮಾತ್ರ ಕಡಿಮೆ ಮಾಡುವ ಪದ್ಧತಿ ಇಂದು ಎಲ್ಲೆಡೆ ಇದೆ. ಹೊಸ ತೂಕವನ್ನು ಮೂಲೆಯಲ್ಲಿ ಅಚ್ಚು ಹಾಕಿರುವುದರಿಂದ ಕಾನೂನಿನ ತಪ್ಪಿಲ್ಲ. ಓದಲು ಬಾರದ ಅಜ್ಜಿ ಹಳೆಯ ಬಣ್ಣವನ್ನು ನೋಡಿ ಹಳೆಯ ತೂಕವೆಂದೇ ಕೊಳ್ಳುತ್ತಾಳೆ. ಹೀನಾಧಿಕಮಾನೋನ್ಮಾನದ ಅತಿಚಾರ ಇಲ್ಲಿ ತಗಲುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸಬೇಕಾದವರು ಆ ಪೊಟ್ಟಣವನ್ನು ವಿನ್ಯಾಸಗೊಳಿಸಿದವರೇ. ಅಜ್ಜಿಗೆ ಗೊತ್ತಾಗದಿರಲೆಂದು ಬಣ್ಣವನ್ನು ಬದಲಿಸದೆ ಬಿಟ್ಟಿದ್ದರೆ, ಉತ್ತರ ಅವರಿಗೆ ತಿಳಿದೇ ಇದೆ.

ಶ್ರಾವಕ ಪ್ರತಿಕ್ರಮಣದಲ್ಲಿ ಅಚೌರ್ಯದ ಈ ಅತಿಚಾರಗಳನ್ನು ಒಂದೊಂದಾಗಿ ಹೆಸರಿಸಿ, ತಾನು ಮಾಡಿದ್ದರೂ, ಮಾಡಿಸಿದ್ದರೂ, ಒಪ್ಪಿದ್ದರೂ ಅದು ಮಿಥ್ಯೆಯಾಗಲಿ ಎಂದು ಹೇಳುವ ಕ್ರಮವಿದೆ. ಪ್ರಾಕೃತದ ಆ ಸಾಲುಗಳನ್ನು ಬಾಯಿಪಾಠದ ವೇಗದಲ್ಲಿ ಹೇಳಿ ಮುಗಿಸುವುದು ರೂಢಿಯಾಗಿದೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಬರುತ್ತದೆ. ಅಂದು ಸಂಜೆ, ಅಂಗಡಿಯುಳ್ಳವರು ಆ ವಾರ ಪತ್ರಿಕೆಗೆ ಕೊಟ್ಟ ತಮ್ಮ ಜಾಹೀರಾತನ್ನು ಎದುರಿಗಿಟ್ಟುಕೊಂಡು, ಅದೇ ಸಾಲುಗಳನ್ನು ಅರ್ಥಸಹಿತ ನಿಧಾನವಾಗಿ ಹೇಳಬಹುದು. ಹತ್ತು ನಿಮಿಷ ಸಾಕು. ಜಾಹೀರಾತಿನಲ್ಲಿ ಅಳಿಸಬೇಕಾದ ಪದವೊಂದು ಕಂಡರೆ, ಮರುದಿನ ಬೆಳಿಗ್ಗೆ ಪತ್ರಿಕಾ ಕಚೇರಿ ತೆರೆದೇ ಇರುತ್ತದೆ.